ಹಾಲು ಕರೆಯುವ ಕೈಗೆ ‘ರೆಸ್ಟ್ ಕೊಡಿ’ ಅಂದರೆ ಸಾಲದು

ಕೋಲಾರದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಸಂಧಿವಾತ ಅಂತ ಬರುವವರಲ್ಲಿ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಸು ಸಾಕುವ ಹೆಂಗಸರು ಜಾಸ್ತಿ. ಇವರಿಗೆ ‘ಕೈಗೆ ರೆಸ್ಟ್ ಕೊಡಿ’ ಅಂತ ಹೇಳಿ ಕಳಿಸಿದರೆ ಏನೂ ಹೇಳಿದ ಹಾಗಾಗಲಿಲ್ಲ. ಎರಡು ಹೊತ್ತೂ ಡೈರಿಗೆ ಹಾಲು ಹಾಕಲೇಬೇಕು, ಅಲ್ವಾ? ಅದಕ್ಕೇ ನೋವು ಎಲ್ಲಿ ಅಂತ ಕೇಳಿದ ಮೇಲೆ, ‘ಹೇಗೆ ಕರೀತೀರಮ್ಮ, ತೋರಿಸಿ’ ಅನ್ನುತ್ತೇನೆ.

ಒಬ್ಬರು ನನ್ನ ಬೆರಳನ್ನೇ ಹಿಡಿದು ತೋರಿಸಿದರು. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೆ ತೊಟ್ಟನ್ನು ಒತ್ತಿ ಎಳೆಯುವ ರೀತಿ. ತುಂಬಾ ಜನ ಹೀಗೇ ಕರೆಯುತ್ತಾರೆ. ಹೆಬ್ಬೆರಳ ತುದಿಯಲ್ಲಿ 1 ಕೆಜಿಯಷ್ಟು ಒತ್ತಿ ಹಿಡಿದರೂ ಅದರ ಬುಡದ ಕೀಲಿನ ಮೇಲೆ ಸುಮಾರು 12 ಕೆಜಿ ಭಾರ ಬೀಳುತ್ತದೆ. ಹೆಬ್ಬೆರಳು ಮಡಚದೆ, ಇಡೀ ಅಂಗೈಯಲ್ಲಿ ತೊಟ್ಟು ಹಿಡಿದು, ಮೇಲಿನ ಬೆರಳಿಂದ ಶುರುಮಾಡಿ ಒಂದೊಂದಾಗಿ ಅಮುಕುತ್ತಾ ಬಂದರೆ ಆ ಭಾರ ಎಲ್ಲಾ ಬೆರಳಿಗೂ ಹಂಚಿಹೋಗುತ್ತದೆ. ಪಶುವೈದ್ಯರೂ ಇದನ್ನೇ ಹೇಳುತ್ತಾರೆ. ಮಡಚಿದ ಹೆಬ್ಬೆರಳಿಂದ ತೊಟ್ಟಿಗೂ ಪೆಟ್ಟಾಗುತ್ತದೆ. ‘ಹಸುಗೂ ಒಳ್ಳೇದು’ ಅಂದ ತಕ್ಷಣ ಆಯಮ್ಮ ಸರಿಯಾಗಿ ಕೂತು ಕೇಳಿದರು. ತಮ್ಮ ಕೈಗೋಸ್ಕರ ಅಭ್ಯಾಸ ಬದಲಿಸದವರು ಹಸುವಿಗೋಸ್ಕರ ಬದಲಿಸುತ್ತಾರೆ.

ಮಿಕ್ಕ ಕೆಲಸಕ್ಕೂ ಇದೇ ಲೆಕ್ಕ. ಸಣ್ಣ ಕೀಲಿನ ಭಾರ ದೊಡ್ಡ ಕೀಲಿಗೆ ಹೋಗಬೇಕು. ಹಾಲಿನ ಕ್ಯಾನನ್ನು ಬೆರಳಲ್ಲಿ ನೇತುಹಾಕಿಕೊಂಡು ಹೋಗಬೇಡಿ. ಎರಡೂ ಕೈಯಲ್ಲಿ ತಬ್ಬಿ ಮೈಗೆ ಒತ್ತಿ ಹಿಡಿಯಿರಿ. ಮುದ್ದೆ ಕೋಲು, ಸೌಟು, ಕುಡುಗೋಲಿನ ಹಿಡಿಗೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿ, ಆಗ ಅಷ್ಟು ಬಿಗಿಯಾಗಿ ಹಿಡಿಯಬೇಕಾಗಲ್ಲ. ಮಂಡಿನೋವಿದ್ದರೆ ಕುಕ್ಕರಗಾಲಲ್ಲಿ ಕೂರದೆ ಸ್ಟೂಲ್ ಹಾಕಿಕೊಳ್ಳಿ. ಊರುಗೋಲು ಹಿಡಿಯಬೇಕಾದ್ದು ನೋವಿಲ್ಲದ ಕಡೆಯ ಕೈಯಲ್ಲಿ. ಇದನ್ನು ಬಹಳ ಜನ ನಂಬುವುದೇ ಇಲ್ಲ.

ಕೆಲಸ ಮುಗಿದು ಎರಡು ಗಂಟೆ ಆದಮೇಲೂ ನೋವು ಜಾಸ್ತಿಯೇ ಇದ್ದರೆ ಅವತ್ತಿನ ಕೆಲಸ ಅತಿಯಾಯಿತು ಅಂತ ತಿಳಿಯಿರಿ. ಮಾರನೇ ದಿನ ಕಡಿಮೆ ಮಾಡಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಆಡಿಸದ ಕೀಲು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬಿಗಿಯಾಗೇ ಇದ್ದು, ಗೆಣ್ಣು ಊದಿದ್ದರೆ ಸುಮ್ನೆ ಬಿಡಬೇಡಿ. ಅದು ರುಮಟಾಯ್ಡ್ ಇರಬಹುದು, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ. ಡಾಕ್ಟರಿಗೆ ತೋರಿಸಿ ಬೇಗ ಔಷಧಿ ಶುರುಮಾಡಿದಷ್ಟೂ ಕೀಲು ಉಳಿಯುತ್ತದೆ.

ಜೊತೆಗೆ ಬಂದ ಗಂಡನಿಗೋ ಮಗನಿಗೋ ನಾನು ಒಂದು ಮಾತು ತಪ್ಪದೆ ಹೇಳುತ್ತೇನೆ: ಒಂದು ಹೊತ್ತಿನ ಹಾಲು ನೀವು ಕರೆಯಿರಿ.