ಆರು ತಾಸಿಗೆ 190

ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ಇದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಮಾಡಿದ ತಪ್ಪು.

ಇಂಡಿ ಕಡೆಯ ಅಜ್ಜ. ಕರುಳು ತೂತಾಗಿ ದೊಡ್ಡ ಆಪರೇಷನ್ ಆಗಿತ್ತು. ತೂಕ 60 ಕೆಜಿ. ಕೆಜಿಗೆ ಅರ್ಧ ಎಂಎಲ್ ಅಂದರೂ ತಾಸಿಗೆ 30 ಎಂಎಲ್ ಮೂತ್ರ ಬರಬೇಕು. ನೈಟ್ ಡ್ಯೂಟಿಯಲ್ಲಿ ತಾಸಿನ ಅಂಕಿಗಳನ್ನು ಚೀಟಿಯಲ್ಲಿ ಗೀಚಿಕೊಂಡು, ಚಾರ್ಟಿನಲ್ಲಿ ಒಟ್ಟಿಗೆ ಬರೆದೆ: ಆರು ತಾಸಿಗೆ 190. ಭಾಗಿಸಿದರೆ 31 ಚಿಲ್ಲರೆ. ಸರಿ ಇದೆ ಅಲ್ವಾ ಅಂತ ಮುಂದಿನ ಬೆಡ್ಡಿಗೆ ಹೋದೆ.

ಹಿರಿಯ ಸಿಸ್ಟರ್ ಚಾರ್ಟ್ ನೋಡಿ, "ಒಟ್ಟು ಬರದೀಯವಾ, ಯಾವ ತಾಸಿಗೆ ಎಷ್ಟು?" ಅಂದರು. ಚೀಟಿ ತೆಗೆದೆ. 70, 45, 30, 20, 15, 10.

ಅವರು ಬೈಯಲಿಲ್ಲ. ಮೊದಲು ಪೈಪ್ ಎಲ್ಲಾದರೂ ಮಡಚಿದೆಯಾ ನೋಡಿದರು. ಇಲ್ಲ. ಉಸಿರು ಎಣಿಸಿದರು, ನಿಮಿಷಕ್ಕೆ 26, ಜಾಸ್ತಿಯೇ. ಬಿಪಿ ಇನ್ನೂ ಬಿದ್ದಿರಲಿಲ್ಲ. ಡಾಕ್ಟರಿಗೆ ಫೋನ್ ಹೋಯಿತು. ಮೈಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ 4 ಬಂತು, ಜಾಸ್ತಿ. ಹೊಲಿಗೆ ಹಾಕಿದ ಜಾಗದಲ್ಲೇ ಕರುಳು ಸೋರಿ ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ, ಶುರುವಾಗಿತ್ತು. ಬೆಳಗಾಗುವ ಮೊದಲೇ ಮತ್ತೆ ಆಪರೇಷನ್ ಥಿಯೇಟರಿಗೆ.

ಕಿಡ್ನಿ ಹೊರಹಾಕಬೇಕಾದ ಕಸ ಕ್ರಿಯಾಟಿನಿನ್, ಹಿಂದಿನ ಸಂಜೆ ರಕ್ತದಲ್ಲಿ 1.0 ಇತ್ತು. ಅದನ್ನು ನೋಡಿಯೇ ನಾನು ನಿಶ್ಚಿಂತೆಯಾಗಿದ್ದೆ. ಮರುದಿನ 1.9! ಕಿಡ್ನಿಗೆ ಪೆಟ್ಟು ಬಿದ್ದರೂ ಕ್ರಿಯಾಟಿನಿನ್ ರಕ್ತದಲ್ಲಿ ಏರೋಕೆ ಒಂದೆರಡು ದಿನ ಹಿಡಿಯಬಹುದು.

ಎನ್‌ಗ್ಯಾಲ್ ಅನ್ನೋ ಪ್ರೋಟೀನ್ ಮಾತ್ರ ಕೆಲವೇ ತಾಸಿನಲ್ಲಿ ಮೂತ್ರದಲ್ಲಿ ಜಾಸ್ತಿಯಾಗುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಟಿಂಪ್-2 ಮತ್ತು ಐಜಿಎಫ್‌ಬಿಪಿ-7 ಅನ್ನೋ ಇನ್ನೆರಡು ಪ್ರೋಟೀನ್‌ಗಳನ್ನು ಮೂತ್ರದಲ್ಲಿ ಸೇರಿಸಿ ನೋಡುವ ಟೆಸ್ಟ್ ಕೂಡ ಇದೆ. 0.3 ದಾಟಿದರೆ ಕಿಡ್ನಿ ಕಷ್ಟದಲ್ಲಿದೆ ಅಂತ ಎಚ್ಚರಿಕೆ. ಆದರೆ ಕಿಡ್ನಿ ಚೆನ್ನಾಗಿದ್ದರೂ ಸೆಪ್ಸಿಸ್‌ನಲ್ಲಿ ಎನ್‌ಗ್ಯಾಲ್ ಏರಬಹುದು. ಅದೊಂದನ್ನೇ ಹಿಡಿದು ಯಾರು ಉಳಿಯುತ್ತಾರೆ, ಯಾರು ಇಲ್ಲ ಅಂತ ಹೇಳೋಕಾಗಲ್ಲ. ನಮ್ಮಲ್ಲಿ ಈ ಕಿಟ್‌ಗಳು ಇಲ್ಲ. ಇದ್ದಿದ್ದರೂ ಆ ರಾತ್ರಿ ಅದನ್ನು ಮಾಡಿಸಿ ಅಂತ ಹೇಳಬೇಕಾದವಳು ನಾನೇ, ಮತ್ತು ನಾನು 190 ನೋಡಿ ಸುಮ್ನಿದ್ದೆ.

ಅಜ್ಜ ಹದಿನೆಂಟು ದಿನಕ್ಕೆ ಮನೆಗೆ ಹೋದರು.

ಈಗ ಪೇಶಂಟ್ ಬಂದ ಕೂಡಲೇ ತೂಕ ಕೇಳಿ, ತಾಸಿಗೆ ಬೇಕಾದ ಅಂಕಿಯನ್ನು ಚಾರ್ಟಿನ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೀತೀನಿ. ಮೊನ್ನೆ ಒಬ್ಬ ಮಗನನ್ನು ಕೇಳಿದೆ. "ಜ್ವಾಳದ ಚೀಲ ತೂಗೀವ್ರಿ ಸಿಸ್ಟರ್, ಅಪ್ಪನ್ನ ಎಂದೂ ತೂಗಿಲ್ಲ" ಅಂದ.