ತೊಟ್ಟಿಯ ಉಪ್ಪು ಎಲ್ಲಿ ಹೋಯಿತು?

ದಾವಣಗೆರೆಯ ಬೇಸಿಗೆಯಲ್ಲಿ ನೀರು ಆವಿಯಾಗಿ ಹವಳ ಸಾಕುವ ಉಪ್ಪುನೀರಿನ ತೊಟ್ಟಿಯ ಉಪ್ಪಿನಂಶ ಏರಬೇಕೇ ಹೊರತು ಇಳಿಯಬಾರದು. ಆದರೂ ನಿಟುವಳ್ಳಿಯ ನಮ್ಮ ಮನೆಯ 200 ಲೀಟರಿನ ತೊಟ್ಟಿಯಲ್ಲಿ ಅದು ಆರೇ ದಿನಗಳಲ್ಲಿ ಸಾವಿರಕ್ಕೆ 35ರಿಂದ 33ಕ್ಕೆ ಕುಸಿದಿತ್ತು. ಮೊದಲು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನೇ ಅನುಮಾನಿಸಿದೆ. 35ರ ಮಾಪನ ದ್ರಾವಣದ ಎರಡು ಹನಿ ಹಾಕಿದಾಗ ಗೆರೆ ಸರಿಯಾಗಿಯೇ ನಿಂತಿತು.

ಕಳ್ಳ ಸಿಕ್ಕಿದ್ದು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ. ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಕಡುಕಂದು ಕೊಳೆಯ ಬದಲು ತೆಳು ಚಹಾದಂತಹ ಉಪ್ಪುನೀರನ್ನು ದಿನಕ್ಕೆ ಸುಮಾರು ಎರಡು ಲೀಟರ್ ಬಕೆಟ್ಟಿಗೆ ಚೆಲ್ಲುತ್ತಿತ್ತು. ಮಟ್ಟ ಇಳಿದೊಡನೆ ತಾನಾಗಿ ತುಂಬುವ ಪಂಪು, ಪಾಪ, ಹೋದದ್ದೇನೆಂದು ಅರಿಯದೆ ಆರ್‌ಓ ಸಿಹಿನೀರನ್ನೇ ಸುರಿಯುತ್ತಿತ್ತು.

ಸ್ಕಿಮ್ಮರ್‌ನೊಳಗಿನ ನೀರಿನ ಮಟ್ಟ ತಗ್ಗಿಸಿ, ತೊಟ್ಟಿಗೆ ನೇರವಾಗಿ ಉಪ್ಪು ಹಾಕದೆ, ಆವಿಯಾಗುವ ಮೂರು ಲೀಟರಿನಷ್ಟನ್ನು ದಿನವೂ 35ರ ಉಪ್ಪುನೀರಿನಿಂದಲೇ ತುಂಬುತ್ತ ಹೋದೆ. ಮುದುಡಿದ್ದ ಹವಳ ಐದನೆಯ ದಿನ ಅರಳಿತು.