ಡಾಕ್ಟರ್ ಆದ ಮೇಲೆ ದುಡ್ಡು ಎಲ್ಲಿ ಹಾಕಬೇಕು?

ತರಬೇತಿ ಮುಗಿಸಿ ಮೊದಲ ಬಾರಿಗೆ ಪೂರ್ತಿ ಸಂಬಳ ಕಂಡ ಕಿರಿಯ ವೈದ್ಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಈಗ ಕೈತುಂಬಾ ಬರ್ತಿದೆ, ಎಲ್ಲಿ ಹಾಕಲಿ? ಷೇರಾ, ಚಿನ್ನಾನಾ, ಜಮೀನಾ?" ಅದಕ್ಕೆ ಉತ್ತರ ಚಿಕ್ಕದು, ಮುಂದೆ ಹೇಳುತ್ತೇನೆ. ಆದರೆ ಎಲ್ಲಿ ಹಾಕಬೇಕು ಅನ್ನುವುದಕ್ಕಿಂತ ಮೊದಲು ಎಷ್ಟು ಉಳಿಸುತ್ತೀರಿ, ನಾಳೆ ದುಡಿಮೆಯೇ ನಿಂತರೆ ಮನೆ ಹೇಗೆ ನಡೆಯುತ್ತದೆ ಅನ್ನುವುದು ತೀರ್ಮಾನವಾಗಬೇಕು. ಒಳ್ಳೆಯ ಷೇರು ಹುಡುಕುವುದಕ್ಕೆ ವೈದ್ಯರು ಕಳೆಯುವ ಸಮಯದ ಅರ್ಧವನ್ನು ಈ ಎರಡಕ್ಕೆ ಕೊಟ್ಟರೂ ಸಾಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಮ್ಮ ವೃತ್ತಿಯವರು ತಡವಾಗಿ ಶುರು ಮಾಡುವವರು. 22ನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ಗೆಳತಿಗೆ 60ರ ತನಕ ಕೂಡಿಡಲು 38 ವರ್ಷ ಸಿಗುತ್ತದೆ. 33ಕ್ಕೆ ಸ್ಪೆಷಲಿಸ್ಟ್ ಆದವರಿಗೆ ಸಿಗುವುದು 27. ಇಬ್ಬರ ಹಣವೂ ವರ್ಷಕ್ಕೆ ಶೇ. 8ರಂತೆ ಬೆಳೆಯಿತು ಎಂದಿಟ್ಟುಕೊಳ್ಳಿ. ಅವಳಷ್ಟೇ ಗಂಟು ನಿಮ್ಮದೂ ಆಗಬೇಕಾದರೆ ಪ್ರತಿವರ್ಷ ಅವಳ ಎರಡೂವರೆ ಪಟ್ಟು ಉಳಿಸಬೇಕು. ಇದರ ಜೊತೆಗೆ ಓದಿನ ಸಾಲ. ಊರಿನವರ ಕಣ್ಣಿಗೆ ಸಿರಿವಂತರಾಗಿ ಕಾಣುವ 35ರ ವೈದ್ಯರ ಆಸ್ತಿಯಿಂದ ಸಾಲ ಕಳೆದರೆ ಸೊನ್ನೆಗಿಂತ ಕೆಳಗೇ ಇರುವುದು ಅಪರೂಪವಲ್ಲ.

ಇಷ್ಟು ಗೊತ್ತಿದ್ದೂ ಜನ ಎಡವುವುದು ಸಂಬಳ ಜಿಗಿದ ಮೊದಲ ವರ್ಷದಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ವೈದ್ಯರ ಹಾಸಿಗೆ ಒಂದೇ ತಿಂಗಳಲ್ಲಿ ಎರಡು ಮೂರು ಪಟ್ಟು ಅಗಲವಾಗುತ್ತದೆ, ಆಗ ಆ ಮಾತು ಕಾಪಾಡುವುದಿಲ್ಲ. ಹೊಸ ಕಾರು, ದೊಡ್ಡ ಮನೆಯ ಕಂತು, ಮಕ್ಕಳ ದುಬಾರಿ ಶಾಲೆ ಮೂರೂ ಒಟ್ಟಿಗೆ ಬಂದು ಕೂರುತ್ತವೆ. ಇವು ಈಗಿನ ಉಳಿತಾಯವನ್ನು ತಿನ್ನುತ್ತವೆ, ಜೊತೆಗೆ ಮುಂದೆ ಬೇಕಾಗುವ ಗಂಟನ್ನೂ ಹಿಗ್ಗಿಸುತ್ತವೆ. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಆ ದೇಶದ ಮಾರುಕಟ್ಟೆಯ ಹಳೆಯ ಅಂಕಿಅಂಶ ಜಾಲಾಡಿದರು. ನಿವೃತ್ತಿಯ ಮೊದಲ ವರ್ಷ ಗಂಟಿನ ಶೇ. 4ರಷ್ಟು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋದರೂ ಹಣ 30 ವರ್ಷ ಬಾಳುತ್ತಿತ್ತು ಎಂದು ಕಂಡುಕೊಂಡರು. ಎಲ್ಲ ದೇಶಕ್ಕೂ ಅದು ಹಾಗೇ ಹೊಂದುತ್ತದೆ ಎನ್ನಲಾಗದು, ಅಂದಾಜಿಗೆ ಮಾತ್ರ ಅಡ್ಡಿಯಿಲ್ಲ. ಆ ಲೆಕ್ಕದಲ್ಲಿ ವರ್ಷದ ಖರ್ಚಿನ 25 ಪಟ್ಟು ಗಂಟು ಬೇಕು. ವರ್ಷಕ್ಕೆ ನೂರು ಖರ್ಚು ಮಾಡುವವರಿಗೆ 2,500 ಸಾಕು. ಇನ್ನೂರು ಮಾಡುವವರಿಗೆ 5,000 ಬೇಕು, ಅದನ್ನು ಕೂಡಿಸಲು ಉಳಿಯುವ ಹಣವೂ ಕಡಿಮೆ. ಹಾಗಾಗಿ ಸಂಬಳ ಏರಿದ ಮೇಲೂ ಮೂರು ನಾಲ್ಕು ವರ್ಷ ತರಬೇತಿಯಲ್ಲಿದ್ದಾಗಿನ ಖರ್ಚಿನ ಹತ್ತಿರದಲ್ಲೇ ಬದುಕಿ ಎಂದು ಎಲ್ಲರಿಗೂ ಹೇಳುತ್ತೇನೆ. ಆ ವರ್ಷಗಳ ಹೆಚ್ಚುವರಿ ಹಣ ಮೊದಲು ದುಬಾರಿ ಸಾಲಕ್ಕೆ ಹೋಗಲಿ. ಶೇ. 12ರ ಬಡ್ಡಿಯ ಸಾಲ ತೀರಿಸಿದರೆ ಶೇ. 12ರ ಖಚಿತ ಗಳಿಕೆ ಸಿಕ್ಕಂತೆ. ಯಾವ ಫಂಡೂ ಅಂಥ ಭರವಸೆ ಕೊಡದು.

ಈಗ ದುಡಿಮೆ ನಿಲ್ಲುವ ಮಾತು. ಎಲ್ಲ ಕಾಯಿಲೆಗಳನ್ನೂ ಹತ್ತಿರದಿಂದ ನೋಡುವ ನಾವು ಅವು ನಮಗೂ ಬರಬಹುದು ಎಂದು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬ ಶಸ್ತ್ರಚಿಕಿತ್ಸಕರ ಬಲಗೈಯ ನರಕ್ಕೆ ಪೆಟ್ಟಾಗಿ ಎರಡು ಬೆರಳು ಮರಗಟ್ಟಿದವು ಅಂದುಕೊಳ್ಳಿ. ಜೀವಕ್ಕೆ ಅಪಾಯವಿಲ್ಲ. ಪಾಠ ಹೇಳಬಹುದು, ವರದಿ ಓದಬಹುದು, ಚಾಕು ಹಿಡಿಯಲಾಗದು. ಜೀವವಿಮೆಯಿಂದ ಬಿಡಿಗಾಸೂ ಬಾರದು, ಯಾಕೆಂದರೆ ಅವರು ಬದುಕಿದ್ದಾರೆ. ಅಂಗವೈಕಲ್ಯ ವಿಮೆ ಇದ್ದರೂ ಪಾಲಿಸಿಯ ಷರತ್ತು "ಯಾವುದೇ ಕೆಲಸ ಮಾಡಲಾಗದಿದ್ದರೆ" ಎಂದಿದ್ದರೆ ಕ್ಲೇಮ್ ತಿರಸ್ಕಾರವಾಗುವ ಸಾಧ್ಯತೆಯೇ ಹೆಚ್ಚು. ಪಾಠ ಹೇಳುವುದೂ ಕೆಲಸವೇ ತಾನೆ. "ತನ್ನದೇ ಸ್ಪೆಷಾಲಿಟಿಯ ಕೆಲಸ ಮಾಡಲಾಗದಿದ್ದರೆ" ಎಂದಿದ್ದರೆ ಪರಿಹಾರ ಸಿಗುತ್ತದೆ. ಸಹಿ ಹಾಕುವ ಮುನ್ನ ಓದಬೇಕಾದ ಸಾಲು ಇದು. ಈ ವಿಮೆಯನ್ನು ಚಿಕ್ಕ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ, ಬೆನ್ನುನೋವು ದಾಖಲೆಗೆ ಸೇರುವ ಮೊದಲೇ ತೆಗೆದುಕೊಂಡರೆ ಕಂತೂ ಕಡಿಮೆ. ಜೀವವಿಮೆಯನ್ನು ಶುದ್ಧ ಟರ್ಮ್ ಪಾಲಿಸಿಯಾಗಿಯೇ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವಂಥದ್ದನ್ನೇ ಕೊಳ್ಳಿ. ವಿಮೆ ಮತ್ತು ಹೂಡಿಕೆ ಬೆರೆಸಿದ ಪಾಲಿಸಿಗಳಲ್ಲಿ ರಕ್ಷಣೆ ತೆಳು, ಖರ್ಚು ದಪ್ಪ. ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ರೋಗಿ ದಾವೆ ಹೂಡಿದರೆ ನೆರವಾಗುವ ವೃತ್ತಿ ಹೊಣೆಗಾರಿಕೆಯ ವಿಮೆ ಇಲ್ಲದೆ ಒಬ್ಬ ರೋಗಿಯನ್ನೂ ಮುಟ್ಟಬಾರದು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಸುಮ್ಮನೆ ಇರಲಿ.

ಇಷ್ಟಾದ ಮೇಲೆ ಹೂಡಿಕೆ. ದೀರ್ಘಕಾಲದ ಹಣದ ಬಹುಭಾಗ ಕಡಿಮೆ ಶುಲ್ಕದ, ಷೇರುಗಳನ್ನು ಆರಿಸಲು ಹೋಗದೆ ಇಡೀ ಮಾರುಕಟ್ಟೆಯನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಹೋಗಲಿ; ಉಳಿದದ್ದು ಒಳ್ಳೆಯ ಬಾಂಡ್ (ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಡುವ ಸಾಲ) ಅಥವಾ ಠೇವಣಿಗೆ. ನನ್ನ ಉತ್ತರ ಇಷ್ಟೇ. ಬಹಳ ಮಂದಿಗೆ ಇದು ಸಪ್ಪೆ ಅನಿಸುತ್ತದೆ. 1976ರಲ್ಲಿ ಅಮೆರಿಕದ ವ್ಯಾನ್‌ಗಾರ್ಡ್ ಫಂಡ್ ಕಂಪನಿಯ ಸ್ಥಾಪಕ ಜಾನ್ ಬೋಗಲ್ ಸಾಮಾನ್ಯ ಹೂಡಿಕೆದಾರರಿಗಾಗಿ ಮೊದಲ ಇಂಡೆಕ್ಸ್ ಫಂಡ್ ತಂದಾಗಲೂ ಹಾಗೇ ಅನಿಸಿತ್ತು: 15 ಕೋಟಿ ಡಾಲರ್ ನಿರೀಕ್ಷಿಸಿದ್ದರು, ಬಂದದ್ದು 1.1 ಕೋಟಿಯಷ್ಟು. ಅದರ ಹಿಂದಿನ ತರ್ಕವನ್ನು 1991ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ ಸರಳ ಗಣಿತದಲ್ಲಿ ಬಿಡಿಸಿಟ್ಟರು. ಮಾರುಕಟ್ಟೆಯನ್ನು ಮೀರಿಸಲು ಹೊರಟವರೆಲ್ಲರ ಸರಾಸರಿ ಗಳಿಕೆ ಶುಲ್ಕ ಕಳೆಯುವ ಮುನ್ನ ಮಾರುಕಟ್ಟೆಯಷ್ಟೇ; ಶುಲ್ಕ ಕಳೆದ ಮೇಲೆ ಅದಕ್ಕಿಂತ ಕಡಿಮೆ. ಶುಲ್ಕ ಶೇ. 2 ಅಂದಾಗ ಸಣ್ಣದಾಗಿ ಕೇಳಿಸುತ್ತದೆ. ನೂರು ಹಾಕಿ 30 ವರ್ಷ ಬಿಟ್ಟರೆ ಶೇ. 8ರಲ್ಲಿ ಅದು ಸುಮಾರು 1,006 ಆಗುತ್ತದೆ, ಆ ಶುಲ್ಕ ಕಳೆದು ಉಳಿಯುವ ಶೇ. 6ರಲ್ಲಿ 574. ಸಲಹೆಗಾರರು ಬೇಕೇ ಬೇಕು ಅನಿಸಿದರೆ ನಿಗದಿತ ಫೀಸು ಪಡೆಯುವವರನ್ನು ಹುಡುಕಿ. ಔಷಧದ ಪ್ರಯೋಗಕ್ಕೆ ಯಾರು ಹಣ ಕೊಟ್ಟರು ಎಂದು ಕೇಳುವ ಅಭ್ಯಾಸ ನಮಗಿದೆ. ಈ ಪಾಲಿಸಿ ಮಾರಿದರೆ ನಿಮಗೆಷ್ಟು ಕಮಿಷನ್ ಎಂದು ಕೇಳಲು ಸಂಕೋಚ ಬೇಡ.

ಮಾರುಕಟ್ಟೆ ಬೀಳುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಲಿ. 2007ರ ಅಕ್ಟೋಬರಿನಿಂದ 2009ರ ಮಾರ್ಚ್ ತನಕ ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆ ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ ಶೇ. 57ರಷ್ಟು ಕುಸಿದು, ಹಳೆಯ ಮಟ್ಟ ಮುಟ್ಟಿದ್ದು 2013ರಲ್ಲಿ. ಐದಾರು ವರ್ಷದೊಳಗೆ ಬೇಕಾಗುವ ಹಣ ಷೇರಿನಲ್ಲಿರಬಾರದು ಎನ್ನುವುದು ಇದಕ್ಕೇ.

ಇನ್ನೊಂದನ್ನು ಒತ್ತಿ ಹೇಳಬೇಕು. ಸ್ಕ್ಯಾನಿಂಗ್ ಸೆಂಟರ್, ಹೊಸ ಆಸ್ಪತ್ರೆ ಎಂದು ಪಾಲುದಾರಿಕೆಯ ಆಹ್ವಾನ ನಮಗೆ ಬರುತ್ತಲೇ ಇರುತ್ತದೆ, ಅದೂ ಹಿರಿಯ ಸಹೋದ್ಯೋಗಿಯ ಬಾಯಿಂದ. ಲೆಕ್ಕಪತ್ರ ಕೇಳಿ. ಹೊರಬರಬೇಕಾದರೆ ನನ್ನ ಪಾಲನ್ನು ಯಾರು, ಯಾವ ಬೆಲೆಗೆ ಕೊಳ್ಳುತ್ತಾರೆ ಎಂದು ಬರಹದಲ್ಲಿ ಪಡೆಯಿರಿ. ಬ್ಯಾಂಕ್ ಸಾಲಕ್ಕೆ ವೈಯಕ್ತಿಕ ಜಾಮೀನು ಸಹಿ ಕೇಳಿದರೆ ಅಲ್ಲಿಗೇ ನಿಲ್ಲಿ. ಹಾಕಿದ ಹಣ ಹೋದರೆ ಅಷ್ಟಕ್ಕೇ ಮುಗಿಯಿತು. ಜಾಮೀನು ಹಾಕಿದರೆ ಪಾಲುದಾರರು ಕೈಚೆಲ್ಲಿದಾಗ ಅವರ ಸಾಲವೂ ನಿಮ್ಮ ಮನೆ ಬಾಗಿಲಿಗೆ ಬರಬಹುದು. ಇಂಥ ಸಹಿಯನ್ನು ಡ್ಯೂಟಿ ನಡುವೆ, ನಿದ್ದೆಗೆಟ್ಟ ಕಣ್ಣಿನಲ್ಲಿ ಹಾಕಬೇಡಿ. ಕಾಗದ ಮನೆಗೆ ತನ್ನಿ, ನಿಮ್ಮದೇ ವಕೀಲರಿಗೆ ತೋರಿಸಿ, ಗಂಡನೋ ಹೆಂಡತಿಯೋ ಓದಿ ಒಪ್ಪಿದ ಮೇಲೆ ಮುಂದುವರಿಯಿರಿ.